ಸುದ್ದಿ ಕೊಟ್ಟವರು, ಸುದ್ದಿ ಕೊಡದವರು

1986ರಲ್ಲಿ ಬೆಂಗಳೂರಿನಲ್ಲಿ ಸಿಕ್ಕಿಬಿದ್ದ ಆನೆ ಬೇಟೆಗಾರನೊಬ್ಬನನ್ನು ಚಾಮರಾಜನಗರ ಕಾಡಿನ ಬೂದಿಪಡಗದ ಅರಣ್ಯ ವಸತಿಗೃಹದಲ್ಲಿ ಕೂಡಿಹಾಕಿದ್ದರು. ಅವನು ಅಲ್ಲಿಂದ ತಪ್ಪಿಸಿಕೊಂಡ. ಹೇಗೆ ತಪ್ಪಿಸಿಕೊಂಡ ಎಂಬುದಕ್ಕೆ ನಂಬುವಂಥ ಉತ್ತರ ಇವತ್ತಿಗೂ ಸಿಕ್ಕಿಲ್ಲ. ಕಾವಲಿನವರ ಕೈ ಬಿಸಿ ಮಾಡಿದ ಎಂಬ ಮಾತು ಆಗಲೇ ಹಬ್ಬಿತ್ತು, ಈಗಲೂ ನಿಂತಿಲ್ಲ. ಗೋಪಿನಾಥಂ ಊರಿನ ಆ ವೀರಪ್ಪನ್ ಆಮೇಲೆ ಹದಿನೆಂಟು ವರ್ಷ ಯಾರ ಕೈಗೂ ಸಿಗಲಿಲ್ಲ. ಅಷ್ಟರಲ್ಲಿ ಪೊಲೀಸರು, ಅರಣ್ಯ ಸಿಬ್ಬಂದಿ, ಹಳ್ಳಿಗರು ಸೇರಿ 180ಕ್ಕೂ ಹೆಚ್ಚು ಜನ ಅವನ ಗುಂಪಿಗೆ ಬಲಿಯಾದರೆಂದು ಲೆಕ್ಕ.

ಭ್ರಷ್ಟ ಪೊಲೀಸರು, ಒಂದನ್ನೊಂದು ಮುಗಿಸಲು ಹೊಂಚು ಹಾಕುವ ಗುಂಪುಗಳು, ಯಾರನ್ನು ನಂಬಬೇಕೆಂದು ಕೊನೆಯವರೆಗೂ ತಿಳಿಯದ ನಾಯಕ. ಇಂಥ ಮನೋವೈಜ್ಞಾನಿಕ ಥ್ರಿಲ್ಲರ್‌ಗಳನ್ನು ನಾವು ರಾತ್ರಿ ನಿದ್ದೆಗೆಟ್ಟು ನೋಡುತ್ತೇವೆ. ಕೊಳ್ಳೇಗಾಲ, ಹನೂರು, ಮಲೆ ಮಹದೇಶ್ವರ ಬೆಟ್ಟದ ಸೀಮೆಯ ಜನ, ಒಂದಿಷ್ಟು ಕಾಲ ಗುಂಡ್ಲುಪೇಟೆ ಕಡೆಯವರೂ ಅದರೊಳಗೇ ಬದುಕಿದರು. ವೀರಪ್ಪನ್ ಬಗ್ಗೆ ಬಂದ ಸಿನಿಮಾ, ಧಾರಾವಾಹಿ, ಪುಸ್ತಕ ರಾಶಿ ಬಿದ್ದಿವೆ. ಹೆಚ್ಚಿನವು ಇದನ್ನು ಮೀಸೆಯ ಕಳ್ಳನಿಗೂ ಖಾಕಿಯ ಸಾಹಸಿಗೂ ನಡೆದ ಕುಸ್ತಿಯಂತೆ ತೋರಿಸಿವೆ. ನನ್ನ ಮಟ್ಟಿಗೆ ಈ ಕಥೆಯ ನಡುಮನೆಯಲ್ಲಿ ಇರಬೇಕಾದವರು ಅವರಿಬ್ಬರಲ್ಲ. ಹಗಲು ಪೊಲೀಸರಿಗೆ, ರಾತ್ರಿ ಕಾಡಿನವರಿಗೆ ಜವಾಬು ಹೇಳಬೇಕಾಗಿದ್ದ ಹಳ್ಳಿಯವರು ಇರಬೇಕು. ಎರಡೂ ಕಡೆಯವರು ಅವರ ಹತ್ತಿರ ಕೇಳುತ್ತಿದ್ದುದು ಒಂದೇ: ಸುದ್ದಿ.

ಈ ವ್ಯವಹಾರ ಹುಟ್ಟಿದ್ದು ಹೇಗೆಂದು ನೋಡಿದರೆ ಕಾಡುಗಳ್ಳನೊಬ್ಬನ ಕ್ರೌರ್ಯದಿಂದ ಮಾತ್ರ ಅಲ್ಲ. ಭಾರತದ ಆನೆದಂತದ ವ್ಯಾಪಾರಕ್ಕೆ ದೇಶದೊಳಗೆ 1986ರಲ್ಲಿ ನಿಷೇಧ ಬಿತ್ತು, 1989ರಲ್ಲಿ ಅಂತರರಾಷ್ಟ್ರೀಯ ಮಾರುಕಟ್ಟೆಯೂ ಮುಚ್ಚಿತು. ಸಲಗಗಳು ಕಡಿಮೆಯಾಗುತ್ತ ಬಂದವು. ಗುಂಪುಗಳು ಶ್ರೀಗಂಧದ ಕಡೆ ತಿರುಗಿದವು. ಗಂಧ ಟಿಪ್ಪುವಿನ ಕಾಲದಿಂದ ದೊರೆಯ ಮರ. ಸ್ವಾತಂತ್ರ್ಯ ಬಂದ ಮೇಲೂ ರೈತನ ಹೊಲದ ಬದುವಿನಲ್ಲಿ ಹುಟ್ಟಿದ ಗಂಧ ರೈತನದಾಗಿರಲಿಲ್ಲ, ಸರ್ಕಾರದ್ದು. 2001ರಲ್ಲಿ ಕರ್ನಾಟಕ ಕಾನೂನು ತಿದ್ದುವವರೆಗೂ ಅದೇ ಸ್ಥಿತಿ. ಹೊಲದಲ್ಲಿ ಗಂಧದ ಸಸಿ ಕಂಡರೆ ಸಂತೋಷಪಡುವ ಬದಲು ಹೆದರಿ ಕಿತ್ತುಹಾಕಿದ ರೈತರಿದ್ದಾರೆ, ಏಕೆಂದರೆ ಮರ ಕಳುವಾದರೆ ಠಾಣೆಗೆ ಅಲೆಯಬೇಕಾಗಿದ್ದವರು ಅವರೇ. ಕಾನೂನಿನ ದಾರಿ ಮುಚ್ಚಿದ ಕಡೆ ಕಳ್ಳದಾರಿಗೆ ಬೆಲೆ ಬರುತ್ತದೆ. ಮರ ಕಡಿದು, ಚಕ್ಕೆ ಕೆತ್ತಿ, ತಲೆಮೇಲೆ ಹೊತ್ತು ತಂದ ಕೂಲಿಯವನಿಗೆ ಸಿಕ್ಕಿದ್ದು ಪುಡಿಗಾಸು. ದೊಡ್ಡ ದುಡ್ಡು ಮಾಡಿದವರು ಲಾರಿಯವರು, ದಲ್ಲಾಳಿಗಳು, ಗಡಿಯಾಚೆ ಎಣ್ಣೆ ತೆಗೆಯುತ್ತಿದ್ದವರು. ಟನ್‌ಗಟ್ಟಲೆ ಗಂಧ ಮೂರು ರಾಜ್ಯಗಳ ಚೆಕ್‌ಪೋಸ್ಟ್ ದಾಟಿ ಹೋಗಬೇಕಾದರೆ ಕಣ್ಣು ಮುಚ್ಚಿಕೊಂಡವರು ಹಲವರು ಇರಲೇಬೇಕು. ಈ ಕಥೆಯಲ್ಲಿ ಕಾಡಿನಲ್ಲಿದ್ದವನ ಹೆಸರು ಮಗುವಿಗೂ ಗೊತ್ತು. ಕೊಂಡವರ, ಸಾಗಿಸಿದವರ, ಗೇಟು ಎತ್ತಿದವರ ಹೆಸರುಗಳು ಬಹುಪಾಲು ಹೊರಗೆ ಬರಲೇ ಇಲ್ಲ. ನನಗೆ ಅತಿ ಹೆಚ್ಚು ಸಿಟ್ಟು ಬರುವುದು ಈ ಮಾತಿಗೆ.

ಗುಂಪುಗಳ ಹಗೆಯೂ ಇಲ್ಲಿಯದೇ. ಬೇಟೆಯ ಪಾಲು, ಸಾಗಣೆಯ ದಾರಿ, ಪೊಲೀಸರಿಗೆ ಯಾರು ಹೇಳಿದರು ಎಂಬ ಗುಮಾನಿ, ಇವುಗಳ ಮೇಲೆ ಎದುರಾಳಿ ಗುಂಪಿನವರನ್ನು ವೀರಪ್ಪನ್ 1980ರ ದಶಕದ ಕೊನೆಯಲ್ಲೇ ಕೊಂದು ಮುಗಿಸಿದ. ಅವನು ದೊಡ್ಡವನಾದದ್ದು ಹೀಗೆ. ಆಮೇಲೆ ಅವನ ಎದುರಿಗೆ ಉಳಿದದ್ದು ಸರ್ಕಾರ ಮಾತ್ರ.

ಆ ಸರ್ಕಾರದೊಳಗೂ ಬೇರೆ ದಾರಿ ಹಿಡಿದ ಒಬ್ಬರಿದ್ದರು. ಅರಣ್ಯ ಇಲಾಖೆಯ ಪಿ. ಶ್ರೀನಿವಾಸ್. ಆಂಧ್ರದ ರಾಜಮಹೇಂದ್ರಿಯಲ್ಲಿ ಹುಟ್ಟಿದ ಈ ಐಎಫ್‌ಎಸ್ ಅಧಿಕಾರಿ ವೀರಪ್ಪನ್ ಊರಾದ ಗೋಪಿನಾಥಂನಲ್ಲೇ ಬಿಡಾರ ಹೂಡಿದರು. ಊರಿನ ಮಾರಮ್ಮನಿಗೆ ಗುಡಿ ಕಟ್ಟಿಸಿದರು, ಔಷಧಿ ಕೊಡಿಸಿದರು, ಗುಂಪಿನಲ್ಲಿದ್ದವರಿಗೆ ಶರಣಾಗಿ ಬನ್ನಿ, ಬದುಕಿಕೊಳ್ಳಿ ಎಂದು ಬುದ್ಧಿ ಹೇಳಿದರು. ಕೆಲವರು ಬಂದರು ಕೂಡ. ಶ್ರೀನಿವಾಸ್ ಅವರ ಲೆಕ್ಕಾಚಾರ ಸರಳವಾಗಿತ್ತು: ಕಾಡಿನೊಳಗಿನವನ ಬಲ ಇರುವುದು ಊರಿನೊಳಗೆ. ಊರಿನ ಮನಸ್ಸು ತಿರುಗಿದರೆ ಅವನು ಒಂಟಿಯಾಗುತ್ತಾನೆ. ವೀರಪ್ಪನ್‌ಗೂ ಇದು ಅರ್ಥವಾಗಿತ್ತು. ಶರಣಾಗುತ್ತೇನೆ, ಆಯುಧವಿಲ್ಲದೆ ಬನ್ನಿ ಎಂದು ಹೇಳಿಕಳಿಸಿದ. ಶ್ರೀನಿವಾಸ್ ನಂಬಿ ಹೋದರು. 1991ರ ನವೆಂಬರ್ 10ರಂದು ಅವರನ್ನು ಗುಂಡಿಕ್ಕಿ ಕೊಂದು ತಲೆ ಕಡಿದ. ಸರ್ಕಾರ ಮರಣೋತ್ತರ ಕೀರ್ತಿಚಕ್ರ ಕೊಟ್ಟಿತು. ಗೋಪಿನಾಥಂನ ಜನ ತಮ್ಮ ಗುಡಿಯಲ್ಲಿ ದೇವರ ಜೊತೆ ಅವರ ಚಿತ್ರ ಇಟ್ಟುಕೊಂಡರು. ಅದೇ ಊರಿನ ಮಗ ಕೊಂದ ಅಧಿಕಾರಿಗೆ ಅದೇ ಊರಿನವರು ಕೈಮುಗಿಯುತ್ತಾರೆ ಎಂಬುದನ್ನು ಗಮನಿಸಬೇಕು. ಆ ಊರಿನವರೆಲ್ಲ ವೀರಪ್ಪನ್ ಕಡೆಯವರು ಎಂದು ಆಮೇಲಿನ ವರ್ಷಗಳಲ್ಲಿ ಸಾರಾಸಗಟಾಗಿ ಬೈದವರಿಗೆ ಈ ಗುಡಿ ಕಾಣಲಿಲ್ಲ.

ಶ್ರೀನಿವಾಸ್ ಹೋದ ಮೇಲೆ ಅವರ ದಾರಿಯೂ ಹೋಯಿತು. ಉಳಿದದ್ದು ಸೇಡು. 1992ರ ಫೆಬ್ರುವರಿಯಲ್ಲಿ ವೀರಪ್ಪನ್‌ನ ಬಲಗೈ ಬಂಟ ಗುರುನಾಥನ್, ಸಬ್ ಇನ್‌ಸ್ಪೆಕ್ಟರ್ ಶಕೀಲ್ ಅಹ್ಮದ್ ಇದ್ದ ತಂಡದ ಕೈಯಲ್ಲಿ ಸತ್ತ. ಮೇ ತಿಂಗಳಲ್ಲಿ ಗುಂಪು ರಾತ್ರೋರಾತ್ರಿ ರಾಮಾಪುರ ಠಾಣೆಗೆ ನುಗ್ಗಿ ಪೊಲೀಸರನ್ನು ಕೊಂದು ಬಂದೂಕು, ತೋಟಾ ಹೊತ್ತೊಯ್ದಿತು. ಅಷ್ಟಕ್ಕೆ ಸೇಡು ತೀರಲಿಲ್ಲ. ದಂತ ಕೊಳ್ಳುವ ವ್ಯಾಪಾರಿಯ ವೇಷದಲ್ಲಿ ಬಂದರೆ ವೀರಪ್ಪನ್ ಸಿಗುತ್ತಾನೆ ಎಂಬ ಸುದ್ದಿ ಬಾತ್ಮೀದಾರನ ಮೂಲಕ ಪೊಲೀಸರಿಗೆ ತಲುಪಿತು. ಸುದ್ದಿಯನ್ನು ನೇಯ್ದವನು ವೀರಪ್ಪನ್ನೇ. ಆಗಸ್ಟ್ 14ರಂದು ಮೀಣ್ಯದ ಬಳಿ ಎಸ್‌ಪಿ ಟಿ. ಹರಿಕೃಷ್ಣ ಮತ್ತು ಶಕೀಲ್ ಅಹ್ಮದ್ ತಮ್ಮವರೊಂದಿಗೆ ಆ ಬಲೆಗೆ ನಡೆದು ಬಿದ್ದರು. ಮಾರನೆಯ ದಿನ ಸ್ವಾತಂತ್ರ್ಯ ದಿನಾಚರಣೆ.

ಮೀಣ್ಯದ ಆ ಘಟನೆ ಮುಂದಿನದ್ದನ್ನೆಲ್ಲ ಬದಲಿಸಿತು ಎಂದು ನನಗೆ ಅನ್ನಿಸುತ್ತದೆ. ಸುದ್ದಿಯೇ ಆಯುಧವಾಗಬಹುದು ಎಂದು ಎರಡೂ ಕಡೆಗೆ ಖಚಿತವಾದದ್ದು ಅಂದು. ಬಾತ್ಮೀದಾರನ ಮಾತು ನಂಬಿದರೆ ಸಾವು, ನಂಬದಿದ್ದರೆ ಕೆಲಸ ನಡೆಯದು. ಕಾಡಿನಲ್ಲಿದ್ದವನಿಗೂ ಇದೇ ಪಾಡು. ದನ ಮೇಯಿಸಲು ಬಂದ ಹುಡುಗ, ಜೇನು ಬಿಡಿಸಲು ಬಂದ ಸೋಲಿಗ, ಬಿದಿರು ಕಡಿಯಲು ಬಂದವ, ಯಾರ ಮುಖ ನೋಡಿದರೂ ಇವನು ಯಾರಿಗೆ ಹೇಳುತ್ತಾನೋ ಎಂಬ ಪ್ರಶ್ನೆ. ಗುಮಾನಿಗೆ ಸಾಕ್ಷಿ ಬೇಕಿಲ್ಲ, ಅದು ತನ್ನಷ್ಟಕ್ಕೆ ಬೆಳೆಯುತ್ತದೆ. ಪೊಲೀಸರಿಗೆ ಹೇಳಿದರೆಂದು ವೀರಪ್ಪನ್ ಹಳ್ಳಿಗರನ್ನು ಕೊಂದ. ವೀರಪ್ಪನ್‌ಗೆ ಅಕ್ಕಿ ಕೊಟ್ಟರೆಂದು ಪೊಲೀಸರು ಹಳ್ಳಿಗರನ್ನು ಎಳೆದೊಯ್ದರು. ಅಂಗಡಿಯಲ್ಲಿ ಎರಡು ಸೇರು ಹೆಚ್ಚು ಅಕ್ಕಿ ಕೊಂಡರೆ ಯಾರಿಗೆ ಇದು ಎಂಬ ಪ್ರಶ್ನೆ. ಮನೆಯಲ್ಲಿ ಮದುವೆ ಇದೆ, ಮಾದಪ್ಪನ ಪರುಸೆಗೆ ಅಡಿಗೆ ಮಾಡಬೇಕು ಎಂದರೆ ಅದಕ್ಕೂ ಪುರಾವೆ. ರಾತ್ರಿ ಬಂದೂಕು ಹಿಡಿದವನು ಬಾಗಿಲು ಬಡಿದು ಅನ್ನ ಕೇಳಿದರೆ ಇಲ್ಲ ಅನ್ನುವ ಧೈರ್ಯ ಯಾರಿಗಿರುತ್ತದೆ? ಬೆಳಗ್ಗೆ ಜೀಪು ಬಂದು ರಾತ್ರಿ ಯಾರು ಬಂದಿದ್ದರು ಎಂದು ಕೇಳಿದರೆ ಹೌದು ಅನ್ನುವ ಧೈರ್ಯವಾದರೂ ಎಲ್ಲಿಂದ ಬರಬೇಕು?

ಇದರ ಜೊತೆಗೆ 1993ರ ಏಪ್ರಿಲ್ 9. ಮಲೆ ಮಹದೇಶ್ವರ ಬೆಟ್ಟದ ಕೆಳಗೆ ಪಾಲಾರ್ ಸಮೀಪ ವೀರಪ್ಪನ್ ಗುಂಪು ಇಟ್ಟ ನೆಲಬಾಂಬ್ ಸಿಡಿದು 22 ಜನ ಸತ್ತರು. ಸತ್ತವರಲ್ಲಿ ಪೊಲೀಸರು, ಅರಣ್ಯ ಕಾವಲುಗಾರರ ಜೊತೆ ಬಾತ್ಮೀದಾರರೂ ಇದ್ದರು. ಕರ್ನಾಟಕ, ತಮಿಳುನಾಡು ಎರಡೂ ರಾಜ್ಯಗಳಲ್ಲಿ ಅವನನ್ನು ಹಿಡಿಯಲೆಂದೇ ಇದ್ದ ವಿಶೇಷ ಕಾರ್ಯಪಡೆಗಳು ಆಮೇಲೆ ತಮ್ಮ ಕೈ ಸಡಿಲಬಿಟ್ಟವು. ಸಹೋದ್ಯೋಗಿಯ ತುಂಡು ದೇಹ ಆರಿಸಿ ತಂದವನ ಎದೆಯಲ್ಲಿ ಏನು ನಡೆಯುತ್ತದೆ ಎಂದು ನಾವು ಹೊರಗೆ ಕೂತು ಹೇಳುವುದು ಸುಲಭವಲ್ಲ. ಆದರೆ ಆ ನೋವನ್ನು ಯಾರ ಮೇಲೆ ತೀರಿಸಿಕೊಂಡರು ಎಂಬುದನ್ನು ಹೇಳದೆ ಬಿಡುವಂತಿಲ್ಲ.

ಮಲೆ ಮಹದೇಶ್ವರ ಬೆಟ್ಟದ ಮೇಲಿನ ಕಾರ್ಯಪಡೆಯ ಶಿಬಿರದಲ್ಲಿ ವಿಚಾರಣೆ ಮಾಡುವ ಒಂದು ಜಾಗವಿತ್ತು. ಅದನ್ನು ಜನ 'ವರ್ಕ್‌ಶಾಪ್' ಅನ್ನುತ್ತಿದ್ದರು. ಅಲ್ಲಿಂದ ಬಂದವರು ಆಮೇಲೆ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ ಸಮಿತಿಯ ಮುಂದೆ ಹೇಳಿದ್ದು ಓದಲು ಕಷ್ಟ. ಕೈ ಹಿಂದಕ್ಕೆ ಕಟ್ಟಿ ರಾಟೆಗೆ ಹಾಕಿ ಮೇಲೆಳೆದದ್ದು, ಕೈಯಲ್ಲಿ ತಿರುಗಿಸುವ ಡೈನಮೋದಿಂದ ಕಿವಿಗೆ, ಗುಪ್ತಾಂಗಕ್ಕೆ ಕರೆಂಟ್ ಕೊಟ್ಟದ್ದು, ಹೆಂಗಸರನ್ನು ಬೆತ್ತಲೆ ಮಾಡಿದ್ದು, ಅತ್ಯಾಚಾರ. ಡೈನಮೋದ ಹಿಡಿ ತಿರುಗಿಸಲು ಒಬ್ಬ ಬೇಕು. ಎಷ್ಟು ಜೋರಾಗಿ ತಿರುಗಿಸಿದರೆ ಅಷ್ಟು ನೋವು. ಹಿಡಿಯ ವೇಗ ಕೈಯಳತೆಯಲ್ಲಿದೆ ಎಂಬುದು ತಿರುಗಿಸುವವನಿಗೂ ಗೊತ್ತು, ಕಟ್ಟಿಸಿಕೊಂಡವನಿಗೂ ಗೊತ್ತು. ಅಂಥ ಹೊತ್ತಿನಲ್ಲಿ ಮನುಷ್ಯ ನಿಜ ಹೇಳುವುದಿಲ್ಲ, ಹಿಡಿ ನಿಲ್ಲಿಸುವ ಮಾತು ಹೇಳುತ್ತಾನೆ. ಪಕ್ಕದ ಮನೆಯವನ ಹೆಸರು ಹೇಳುತ್ತಾನೆ. ನಾಳೆ ಜೀಪು ಪಕ್ಕದ ಮನೆಗೆ ಹೋಗುತ್ತದೆ. ಊರೊಳಗೆ ಒಬ್ಬರ ಮುಖ ಒಬ್ಬರು ನೋಡಲಾರದ ಸ್ಥಿತಿ ಬಂದದ್ದು ಹೀಗೆ. ಚಿತ್ರಹಿಂಸೆ ಸುದ್ದಿ ತರುತ್ತದೆ ಎಂದು ನಂಬುವವರು ಈ ಸರಪಳಿ ಎಲ್ಲಿಗೆ ಹೋಯಿತೆಂದು ನೋಡಬೇಕು. ಇಷ್ಟೆಲ್ಲ ಹೆಸರುಗಳನ್ನು ಹಿಂಡಿ ತೆಗೆದರೂ 1990ರ ದಶಕ ಪೂರ್ತಿ ವೀರಪ್ಪನ್ ಸಿಗಲಿಲ್ಲ.

ವಿಶೇಷ ಪಡೆಗಳು ಹೀಗೆ ಹಳಿ ತಪ್ಪುವುದು ನಮ್ಮಲ್ಲಿ ಮಾತ್ರವಲ್ಲ. ಲಾಸ್ ಏಂಜಲೀಸ್‌ನ ರ‍್ಯಾಂಪಾರ್ಟ್ ಠಾಣೆಯಲ್ಲಿ ಬೀದಿ ಗ್ಯಾಂಗ್‌ಗಳನ್ನು ಮಟ್ಟಹಾಕಲೆಂದೇ ಇದ್ದ ತಂಡದವರು ಸುಳ್ಳು ಸಾಕ್ಷ್ಯ ಸೃಷ್ಟಿಸಿ, ಅಮಾಯಕರ ಮೇಲೆ ಗುಂಡು ಹಾರಿಸಿ, ವಶಪಡಿಸಿಕೊಂಡ ಕೊಕೇನ್ ಕದ್ದು ಮಾರಿದ್ದು 1990ರ ದಶಕದ ಕೊನೆಗೆ ಬಯಲಾಯಿತು. ನೂರಕ್ಕೂ ಹೆಚ್ಚು ಶಿಕ್ಷೆಗಳು ರದ್ದಾದವು. 2017ರಲ್ಲಿ ಬಾಲ್ಟಿಮೋರ್‌ನಲ್ಲಿ ಅಕ್ರಮ ಬಂದೂಕು ಹಿಡಿಯುವ ತಂಡದ ಪೊಲೀಸರೇ ದರೋಡೆ, ಸುಲಿಗೆಯ ಮೇಲೆ ಬಂಧಿತರಾದರು. ಮಾಮೂಲಿ ಪೊಲೀಸರಿಂದ ಬೇರೆ ಮಾಡಿ, ಮಾಮೂಲಿ ನಿಯಮಗಳಿಂದ ಬಿಡಿಸಿ, ಏನಾದರೂ ಮಾಡಿ ಫಲ ತನ್ನಿ ಎಂದು ಕಳಿಸಿದ ಗುಂಪು ತಾನು ಬೇಟೆಯಾಡುವ ಗುಂಪಿನ ರೀತಿನೀತಿಯನ್ನೇ ಕಲಿಯುತ್ತದೆ. ನಮ್ಮವರು, ಅವರವರು ಎಂಬ ಗೆರೆ ಗಟ್ಟಿಯಾಗುತ್ತದೆ. ಒಳಗಿನವನು ತಪ್ಪು ಮಾಡಿದರೂ ಬಾಯಿ ಬಿಡುವಂತಿಲ್ಲ. ಬಾಯಿ ಬಿಟ್ಟವನು ದ್ರೋಹಿ. ಕಾಡಿನ ಗುಂಪಿನಲ್ಲಿ ಇದ್ದ ಕಟ್ಟಳೆಯೂ ಇದೇ.

ಗುಂಡ್ಲುಪೇಟೆ ತಾಲ್ಲೂಕು ಈ ನರಕದ ನಡುಭಾಗದಲ್ಲಿ ಇರಲಿಲ್ಲ. ಭೀಮನಬೀಡಿನಂಥ ಊರುಗಳ ಜನಕ್ಕೆ ಮುಖ್ಯ ಚಿಂತೆ ಈರುಳ್ಳಿ, ಅರಿಸಿನದ ದರ, ಹೊಲಕ್ಕೆ ನುಗ್ಗುವ ಆನೆ. ಹಾಗಿದ್ದೂ 1997ರಲ್ಲಿ ಅದು ಈ ಕಡೆಗೂ ಬಂತು. ಆ ಜುಲೈನಲ್ಲಿ ಚಾಮರಾಜನಗರದ ಬೂರುದೆ ಕಾಡಿನಿಂದ ಒಂಬತ್ತು ಅರಣ್ಯ ಸಿಬ್ಬಂದಿಯನ್ನು ವೀರಪ್ಪನ್ ಎತ್ತಿಕೊಂಡು ಹೋದ. ಅದೇ ಆಗಸ್ಟ್‌ನಲ್ಲಿ ಚಾಮರಾಜನಗರ ಹೊಸ ಜಿಲ್ಲೆಯಾಯಿತು. ಅಕ್ಟೋಬರ್‌ನಲ್ಲಿ ಬಂಡೀಪುರದ ಅಂಚಿನಿಂದ ವನ್ಯಜೀವಿ ಛಾಯಾಗ್ರಾಹಕರಾದ ಕೃಪಾಕರ, ಸೇನಾನಿ ಅಪಹರಣವಾದರು. ಸುಮಾರು ಎರಡು ವಾರ ಅವನ ಜೊತೆ ಕಾಡಿನಲ್ಲಿದ್ದು ಬಿಡುಗಡೆಯಾದ ಅವರು ಆ ದಿನಗಳ ಬಗ್ಗೆ ಬರೆದರು. ಅವರ ಬರವಣಿಗೆಯಲ್ಲಿ ವೀರಪ್ಪನ್ ರಾಕ್ಷಸನೂ ಅಲ್ಲ, ರಾಬಿನ್‌ಹುಡ್ಡೂ ಅಲ್ಲ. ಕಾಡನ್ನು ಚೆನ್ನಾಗಿ ಬಲ್ಲ, ಹೊರಲೋಕದ ಬಗ್ಗೆ ಹೆಚ್ಚು ತಿಳಿಯದ, ಸದಾ ಎಚ್ಚರದಲ್ಲಿ ಬದುಕುವ ಒಬ್ಬ ಮನುಷ್ಯ. ಪ್ರಾಣಭಯದಲ್ಲಿದ್ದರೂ ಎದುರಿಗಿದ್ದವನನ್ನು ನೋಡುವ ಆಸಕ್ತಿ ಕಳೆದುಕೊಳ್ಳದ ಇಬ್ಬರು ನಮ್ಮ ಕಡೆಯವರು ಎಂಬುದು ನನಗೆ ಹೆಮ್ಮೆ.

2000ದ ಜುಲೈ 30ರಂದು ತಾಳವಾಡಿಯ ಗಾಜನೂರಿನಿಂದ ಡಾ. ರಾಜ್‌ಕುಮಾರ್ ಅಪಹರಣವಾದಾಗ ಇಡೀ ಕರ್ನಾಟಕ ಉಸಿರು ಬಿಗಿಹಿಡಿಯಿತು. ಗಾಜನೂರು ತಮಿಳುನಾಡಿನಲ್ಲಿದ್ದರೂ ಕನ್ನಡದ ಊರು, ಚಾಮರಾಜನಗರದಿಂದ ಕೂಗಳತೆ. ಅಣ್ಣಾವ್ರು 108 ದಿನಗಳ ಮೇಲೆ ನವೆಂಬರ್ 15ರಂದು ಮನೆಗೆ ಬಂದರು. ಈ ಕಥೆ ಎಲ್ಲರಿಗೂ ಗೊತ್ತು. ನಾವು ಬೇಗ ಮರೆತದ್ದು ಆ ಅವಧಿಯಲ್ಲಿ ಸುಪ್ರೀಂ ಕೋರ್ಟಿನಲ್ಲಿ ನಡೆದದ್ದನ್ನು.

ವೀರಪ್ಪನ್ ಕಳಿಸಿದ ಬೇಡಿಕೆಗಳಲ್ಲಿ ಒಂದು, ಭಯೋತ್ಪಾದನೆ ತಡೆಗೆಂದಿದ್ದ ಟಾಡಾ ಕಾಯ್ದೆಯಡಿ ಮೈಸೂರು ಜೈಲಿನಲ್ಲಿದ್ದ 51 ಜನರನ್ನು ಬಿಡಬೇಕು ಎಂಬುದು. ಅವರಲ್ಲಿ ಹೆಚ್ಚಿನವರು ಗಡಿಯ ಬಡ ಹಳ್ಳಿಗರು, ವರ್ಷಗಳಿಂದ ಒಳಗಿದ್ದವರು. ಟಾಡಾದಲ್ಲಿ ಎಸ್‌ಪಿ ದರ್ಜೆಯ ಪೊಲೀಸ್ ಅಧಿಕಾರಿಯ ಮುಂದೆ ಕೊಟ್ಟ ತಪ್ಪೊಪ್ಪಿಗೆಯೂ ಸಾಕ್ಷ್ಯವಾಗುತ್ತಿತ್ತು. ಶಿಬಿರದ ಡೈನಮೋ ನೆನೆದರೆ ಇದರ ಅರ್ಥ ಏನೆಂದು ಬಿಡಿಸಿ ಹೇಳಬೇಕಿಲ್ಲ. ರಾಜ್ಯ ಸರ್ಕಾರ ಅವರ ಮೇಲಿನ ಟಾಡಾ ಆರೋಪ ಕೈಬಿಡಲು ಒಪ್ಪಿತು. ಆಗ ಒಬ್ಬ ತಂದೆ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದರು. ಅಬ್ದುಲ್ ಕರೀಂ. ಮೀಣ್ಯದಲ್ಲಿ ಸತ್ತ ಶಕೀಲ್ ಅಹ್ಮದ್‌ನ ಅಪ್ಪ. ಅಪಹರಣಕಾರನ ಬೆದರಿಕೆಗೆ ಮಣಿದು ತನ್ನ ಮಗನನ್ನು ಕೊಂದ ಆರೋಪ ಹೊತ್ತವರನ್ನು ಬಿಡುವುದು ಯಾವ ನ್ಯಾಯ ಎಂಬುದು ಅವರ ವಾದ. 2000ದ ನವೆಂಬರ್ 7ರಂದು ಕೋರ್ಟ್ ಅವರ ಪರ ನಿಂತಿತು. ಇಡೀ ನಾಡು ನಟನ ಬಿಡುಗಡೆಗೆ ದೇವರಿಗೆ ಹರಕೆ ಹೊರುತ್ತಿದ್ದ ಹೊತ್ತಿನಲ್ಲಿ ಈ ಮುದುಕ ಅಪ್ಪ ಅದರ ವಿರುದ್ಧ ನಿಂತಂತೆ ಕಾಣುವ ಕೆಲಸ ಮಾಡಲು ಎಷ್ಟು ಗಟ್ಟಿ ಎದೆ ಬೇಕಿತ್ತು! ಆತ ಕೇಳಿದ್ದು ಸರಿ.

ಮರುವರ್ಷ, 2001ರ ಸೆಪ್ಟೆಂಬರ್‌ನಲ್ಲಿ, ಮೈಸೂರಿನ ಟಾಡಾ ನ್ಯಾಯಾಲಯ ತೀರ್ಪು ಕೊಟ್ಟಿತು. ನೂರಕ್ಕೂ ಹೆಚ್ಚು ಆರೋಪಿಗಳು ಖುಲಾಸೆ. ತಪ್ಪಿತಸ್ಥರೆಂದು ಸಾಬೀತಾದವರು ಕೆಲವೇ ಮಂದಿ. ಎಂಟು ವರ್ಷ ಜೈಲಿನಲ್ಲಿ ಕಳೆದವರಿಗೆ, ನೀವು ಮಾಡಿಲ್ಲ, ಹೋಗಿ ಎಂದರು. ಹೊರಗೆ ಬಂದು ನೋಡಿದರೆ ಹೊಲ ಬೀಳು, ಮಕ್ಕಳು ದೊಡ್ಡವರಾಗಿ ಕೂಲಿಗೆ ಹೋಗುತ್ತಿದ್ದಾರೆ. ಅಬ್ದುಲ್ ಕರೀಂ ಕೇಳಿದ್ದೂ ನ್ಯಾಯ, ಈ ಜನ ಎಂಟು ವರ್ಷ ಕಾದದ್ದೂ ನ್ಯಾಯಕ್ಕೇ. ಯಾವ ಥ್ರಿಲ್ಲರ್ ಬರೆಯುವವನಾದರೂ ಈ ಎರಡನ್ನೂ ಒಂದೇ ಕಥೆಯಲ್ಲಿ ಹಿಡಿಯಲು ಸಾಧ್ಯವಾದರೆ ಅವನ ಕೈಗೆ ನಾನು ನಮಸ್ಕಾರ ಮಾಡುತ್ತೇನೆ.

ಪಾಲಾರ್ ಪ್ರಕರಣದಲ್ಲಿ ಜೀವಾವಧಿ ಶಿಕ್ಷೆಯಾದ ನಾಲ್ವರು ಮೇಲ್ಮನವಿ ಹಾಕಿದರೆ, 2004ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಗಲ್ಲು ಶಿಕ್ಷೆಗೆ ಏರಿಸಿತು. 2013ರ ಫೆಬ್ರುವರಿಯಲ್ಲಿ ರಾಷ್ಟ್ರಪತಿ ಅವರ ಕ್ಷಮಾದಾನದ ಅರ್ಜಿ ತಿರಸ್ಕರಿಸಿದರು. ಕ್ಷಮಾದಾನದ ಅರ್ಜಿ ಇತ್ಯರ್ಥಕ್ಕೆ ಸಕಾರಣವಿಲ್ಲದ ವಿಳಂಬವಾಯಿತೆಂದು 2014ರ ಜನವರಿ 21ರಂದು ಅದೇ ಕೋರ್ಟ್ ಮತ್ತೆ ಜೀವಾವಧಿಗೆ ಇಳಿಸಿತು.

ಕೊನೆಯ ಅಂಕ ಬೇಗ ಹೇಳಿ ಮುಗಿಸಬಹುದು. 2002ರ ಆಗಸ್ಟ್ 25ರಂದು ಕಾಮಗೆರೆಯ ಮನೆಯಿಂದ ಮಾಜಿ ಸಚಿವ ಎಚ್. ನಾಗಪ್ಪ ಅಪಹರಣವಾದರು. ಡಿಸೆಂಬರ್ 8ರಂದು ಅವರ ಶವ ಕಾಡಿನಲ್ಲಿ ಸಿಕ್ಕಿತು. 2004ರ ಅಕ್ಟೋಬರ್ 18ರ ರಾತ್ರಿ ಧರ್ಮಪುರಿಯ ಪಾಪಾರಪಟ್ಟಿ ಬಳಿ, ಕಣ್ಣಿನ ಚಿಕಿತ್ಸೆಗೆಂದು ಆಂಬುಲೆನ್ಸ್ ಹತ್ತಿ ಬಂದ ವೀರಪ್ಪನ್‌ನನ್ನು ಕೆ. ವಿಜಯಕುಮಾರ್ ನೇತೃತ್ವದ ತಮಿಳುನಾಡು ಕಾರ್ಯಪಡೆ ಕೊಂದಿತು. ಆಂಬುಲೆನ್ಸ್ ಪೊಲೀಸರದೇ. ಒಳಗಿದ್ದವರೂ ಪೊಲೀಸರೇ. ಸುಳ್ಳು ಸುದ್ದಿ ಕಳಿಸಿ ಶ್ರೀನಿವಾಸ್‌ರನ್ನು, ಹರಿಕೃಷ್ಣರನ್ನು ಕರೆಸಿಕೊಂಡವನು ಇನ್ನೊಬ್ಬರ ಸುಳ್ಳು ನಂಬಿ ಕಾಡು ಬಿಟ್ಟು ಬಂದ. ಗಮನಿಸಬೇಕಾದ್ದು, ಅವನನ್ನು ಕೊನೆಗೂ ಹೊರಗೆ ತಂದದ್ದು ಮನುಷ್ಯರನ್ನು ರಾಟೆಗೆ ಕಟ್ಟಿ ತೆಗೆದ ಹೆಸರುಗಳಲ್ಲ. ತಾಳ್ಮೆಯಿಂದ ಅವನ ನಂಬಿಕೆಯೊಳಗೆ ಹೊಕ್ಕ ಪತ್ತೇದಾರಿಕೆ.

ವರ್ಕ್‌ಶಾಪ್ ಬಗ್ಗೆ ದೂರುಗಳು ಹೆಚ್ಚಿದಾಗ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 1999ರಲ್ಲಿ ನಿವೃತ್ತ ನ್ಯಾಯಮೂರ್ತಿ ಎ.ಜೆ. ಸದಾಶಿವ ಮತ್ತು ಸಿಬಿಐ ಮಾಜಿ ನಿರ್ದೇಶಕ ಸಿ.ವಿ. ನರಸಿಂಹನ್ ಅವರ ಸಮಿತಿ ಮಾಡಿತು. ವರದಿ ಬಂದದ್ದು 2003ರ ಡಿಸೆಂಬರ್‌ನಲ್ಲಿ. 2007ರ ಜನವರಿಯಲ್ಲಿ ಆಯೋಗ 89 ಜನರಿಗೆ ಒಟ್ಟು 2.80 ಕೋಟಿ ರೂಪಾಯಿ ಪರಿಹಾರ ಕೊಡಿಸಲು ಹೇಳಿತು. ತಲೆಗೆ ಸರಾಸರಿ ಮೂರು ಲಕ್ಷಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ. ವೀರಪ್ಪನ್ ಸತ್ತಾಗ ಕಾರ್ಯಪಡೆಯವರಿಗೆ ಬಹುಮಾನ, ನಿವೇಶನ, ಬಡ್ತಿ ಘೋಷಣೆಯಾದವು. ಪ್ರಾಣ ಪಣಕ್ಕಿಟ್ಟವರಿಗೆ ಅದು ಸಲ್ಲಬೇಕಾದದ್ದೇ. ಆದರೆ ಡೈನಮೋ ತಿರುಗಿಸಿದವರು ಯಾರು ಎಂದು ಹೆಸರು ಹಿಡಿದು ಕೇಳುವ ಕೆಲಸ ಪರಿಹಾರದ ಚೆಕ್ಕಿನ ಹಿಂದೆ ಮರೆಯಾಯಿತು.

ಪಕ್ಕದ ಧರ್ಮಪುರಿ ಜಿಲ್ಲೆಯಲ್ಲಿ ಹಾಗಾಗಲಿಲ್ಲ. 1992ರ ಜೂನ್ 20ರಂದು ಗಂಧ ಹುಡುಕುವ ನೆಪದಲ್ಲಿ ವಾಚಾತ್ತಿ ಎಂಬ ಬುಡಕಟ್ಟು ಹಳ್ಳಿಗೆ ಅರಣ್ಯ, ಪೊಲೀಸ್, ಕಂದಾಯ ಇಲಾಖೆಯವರು ನುಗ್ಗಿ 18 ಹೆಣ್ಣುಮಕ್ಕಳ ಮೇಲೆ ಅತ್ಯಾಚಾರ ಮಾಡಿದರು, ಮನೆಗಳನ್ನು ಒಡೆದರು. ಆ ಹೆಣ್ಣುಮಕ್ಕಳು ಹತ್ತೊಂಬತ್ತು ವರ್ಷ ಬಿಡದೆ ಸಾಕ್ಷಿ ಹೇಳಿದರು. ಆರೋಪಿಗಳಾಗಿದ್ದ 269 ಸರ್ಕಾರಿ ನೌಕರರಲ್ಲಿ 54 ಮಂದಿ ಅಷ್ಟರಲ್ಲಿ ಸತ್ತಿದ್ದರು. 2011ರ ಸೆಪ್ಟೆಂಬರ್ 29ರಂದು ಉಳಿದ 215 ಜನರಿಗೂ ಶಿಕ್ಷೆಯಾಯಿತು. ಅವರು ಮೇಲ್ಮನವಿ ಹೋದರು. ಮದ್ರಾಸ್ ಹೈಕೋರ್ಟಿನ ನ್ಯಾಯಮೂರ್ತಿ ಪಿ. ವೇಲ್‌ಮುರುಗನ್ ತೀರ್ಪು ಬರೆಯುವ ಮುನ್ನ ಆ ಹಳ್ಳಿಗೆ ತಾವೇ ಹೋಗಿ ನೋಡಿ ಬಂದರು, 2023ರ ಸೆಪ್ಟೆಂಬರ್ 29ರಂದು ಶಿಕ್ಷೆ ಎತ್ತಿಹಿಡಿದರು, ಪ್ರತಿ ಹೆಣ್ಣುಮಗಳಿಗೆ 10 ಲಕ್ಷ ರೂಪಾಯಿ ಕೊಡಬೇಕೆಂದರು. ಮಲೆ ಮಹದೇಶ್ವರ ಬೆಟ್ಟದ ಸುತ್ತಲ ಹಳ್ಳಿಗಳಲ್ಲಿ ಆಯೋಗಕ್ಕೆ ಹೇಳಿಕೆ ಕೊಟ್ಟವರು ಇನ್ನೂ ಬದುಕಿದ್ದಾರೆ. ಅವರ ಮಾತು ಕೇಳಲು ಒಂದು ಕೋರ್ಟು ಆ ಬೆಟ್ಟ ಹತ್ತಬಹುದು, ಈಗಲೂ.